ಮೂರನೆಯ ಗಂಟಿನ ಕಾಯಿ

...ಇಲ್ಲ, ಮುಷ್ಟಿಯೇ ಇರಬೇಕು. ಆಕೆ ಬೆರಳು ಚಾಚುವ ಹೆಂಗಸಲ್ಲ. ಆದರೆ ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ: ಕಂಡದ್ದನ್ನು ಹೇಳುತ್ತಿದ್ದೇನೆಯೇ, ಇಲ್ಲಾ ಆಕೆ ಎಂಥವಳೆಂದು ಗೊತ್ತಿರುವುದರಿಂದ ಕಂಡದ್ದನ್ನು ತಿದ್ದುತ್ತಿದ್ದೇನೆಯೇ? ಬಾವಿಯ ಕಟ್ಟೆಯ ಮೇಲೆ ನಿಂತು ದೊಡ್ಡವ್ವ ಬಲಗೈ ಎತ್ತಿದ್ದು ಕಾಣುತ್ತದೆ. ಬಳೆಯಿಲ್ಲದ ಕೈ. ಮೊಣಕೈ ಹತ್ತಿರ ಒಣಗಿದ ಕೆಸರು. ಮಣಿಕಟ್ಟಿನವರೆಗೆ ಎಲ್ಲ ಸ್ಪಷ್ಟ. ಅದರಾಚೆ, ಬೆರಳುಗಳಿರಬೇಕಾದ ಜಾಗದಲ್ಲಿ, ಬರೀ ಬಿಸಿಲು.

ನಮ್ಮ ಬಳಗದವರಿಗೆ ಈ ತೊಂದರೆಯಿಲ್ಲ. ಅವರಿಗೆ ಎಲ್ಲ ಗೊತ್ತು. ಮದುವೆಯ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಯಾರಾದರೊಬ್ಬರು ಶುರು ಮಾಡುತ್ತಾರೆ: "ನಮ್ಮ ಮುದುಕಿ ಒಂದ ಬೆರಳ ತೋರಿಸಿದ್ಲು ನೋಡ್ರಿ, ಮಿರಜಿಗೆ ಹೋಗೂ ಕುಂಬಳಕಾಯಿ ಒಂಬತ್ತ ದಿನದಾಗ ಕೊಳತ ಹೋತು!" ಎಲ್ಲರೂ ನಗುತ್ತಾರೆ. ಮಕ್ಕಳು ಒಬ್ಬರಿಗೊಬ್ಬರು ಬೆರಳು ತೋರಿಸಿ "ನೀ ಕೊಳತಿ, ನೀ ಕೊಳತಿ" ಎಂದು ಅಟ್ಟಾಡಿಸುತ್ತಾರೆ. ಎಷ್ಟೋ ವರ್ಷ ನಾನೂ ನಕ್ಕಿದ್ದೇನೆ. ಹೋದ ಸಲ ನಗಲಾಗಲಿಲ್ಲ. ಬಾಯಲ್ಲಿದ್ದ ಅಡಿಕೆ ಉಗುಳಿ ಎದ್ದುಬಂದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟಾದವನ ನೆನಪನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು ಅವು. ವಿಜಾಪುರದಲ್ಲಿ ಜೋಳಕ್ಕೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ನನಗೆ ಇಪ್ಪತ್ತೆರಡರ ಆಸುಪಾಸು. ಮ್ಯಾಟ್ರಿಕ್ ಮುಗಿಸಿ, ನಾಲ್ಕಾರು ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಸಂಜೆ ಒಬ್ಬ ಗುರುಗಳ ಹತ್ತಿರ ಹಾಡು ಕಲಿಯುತ್ತಿದ್ದೆ. ಒಂದು ದಿನ ಗುರುಗಳ ತಂಬೂರಿಯ ಬುರುಡೆ ಸೀಳಿತು. ಯಾರ ಕೈಯಿಂದ ಬಿತ್ತೆಂಬುದು ಬೇರೆ ಜಗಳ. ತಂಬೂರಿ ಮಾಡುವವರ ಊರಾದ ಮಿರಜಿಗೆ ಕಾಗದ ಬರೆದರೆ, ಅಲ್ಲಿಯೂ ದೊಡ್ಡ ಬುರುಡೆಗಳಿಲ್ಲ, ಬೆಳೆಯುತ್ತಿದ್ದವರೆಲ್ಲ ಕಾಳುಕಡಿಗೆ ತಿರುಗಿದ್ದಾರೆ ಎಂದು ಉತ್ತರ ಬಂತು. "ನಮ್ಮ ದೊಡ್ಡವ್ವ ಬೆಳೀತಾಳ್ರಿ" ಎಂದು ನಾನು ಬಾಯಿಬಿಟ್ಟೆ. ಅಲ್ಲಿಂದ ಶುರು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಆಕೆಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಮೈದುನನ ಮನೆಯಲ್ಲೇ ಉಳಿದಳು. ಆ ಮೈದುನನನ್ನು ನಾನು ಕಾಕಾ ಎನ್ನುತ್ತಿದ್ದೆ; ಅತ್ತಿಗೆಯಾದ ಆಕೆಯನ್ನು ಅವನು ವೈನಿ ಎನ್ನುತ್ತಿದ್ದ. ತನಗಿಂತ ಹತ್ತು ವರ್ಷ ಚಿಕ್ಕವನಾದ ಅವನಿಗೆ ಆಕೆ ಮಾತುಮಾತಿಗೆ 'ರಿ' ಹಚ್ಚುತ್ತಿದ್ದಳು; ಮನೆಯ ಯಜಮಾನ ಈಗ ಅವನೇ. ಊರ ಹೊರಗಿನ ಹೊಲದಲ್ಲಿ ಬಾವಿಗೆ ಹೊಂದಿಕೊಂಡು ಒಂದು ಪಟ್ಟಿ ನೆಲವಿತ್ತು, ಅಗಲ ಇಪ್ಪತ್ತು ಹೆಜ್ಜೆ, ಉದ್ದ ನಲವತ್ತು. ಅಲ್ಲಿ ಮೊದಲು ಆಕೆಯ ಗಂಡ ಬುರುಡೆ ಬೆಳೆಯುತ್ತಿದ್ದ. ಅವನ ನಂತರ ಆಕೆ. ಆ ಮನೆಯಲ್ಲಿ ಆಕೆ 'ನಂದು' ಎನ್ನಬಹುದಾದದ್ದು ಆ ಪಟ್ಟಿಯೊಂದೇ.

ಇದು ತಿನ್ನುವ ಕುಂಬಳವಲ್ಲ. ಸೋರೆಯ ಜಾತಿ. ಹೂವು ಬಿಳಿ, ಸಂಜೆಗೆ ಅರಳುತ್ತದೆ. ತಿರುಳನ್ನು ನಾಲಿಗೆಗೆ ಹಚ್ಚಿದರೆ ದಿನವಿಡೀ ಕಹಿ ಹೋಗದು. ಆದರೆ ಗಾತ್ರ ನೋಡಿ ಎಲ್ಲರೂ ಕುಂಬಳವೆಂದೇ ಕರೆಯುತ್ತಿದ್ದರು. ಚೆನ್ನಾಗಿ ಬೆಳೆದ ಕಾಯಿಯನ್ನು ತಬ್ಬಿಕೊಂಡರೆ ಆಚೆ ಬದಿಯಲ್ಲಿ ನನ್ನ ಎರಡೂ ಕೈ ಕಷ್ಟಪಟ್ಟು ಕೂಡುತ್ತಿದ್ದವು. ಬಳ್ಳಿಯಲ್ಲೇ ಬಲಿತು ಒಣಗಿದ ಮೇಲೆ ಕೊಯ್ದು, ಒಳಗಿನದನ್ನು ಕೆರೆದು ತೆಗೆದರೆ ತಂಬೂರಿಯ ಹೊಟ್ಟೆ ಸಿದ್ಧ. ಮಿರಜಿನಿಂದ ಬರುವ ವ್ಯಾಪಾರಿ ಮೂರು ಗಂಟು ಹಾಕಿದ ಒಂದು ಹುರಿ ಇಟ್ಟುಕೊಂಡಿರುತ್ತಿದ್ದ. ಕಾಯಿಯ ನಡುವಿಗೆ ಹುರಿ ಸುತ್ತಿದಾಗ ಮೊದಲನೆಯ ಗಂಟಿಗೆ ಮುಟ್ಟಿದರೆ ಸಣ್ಣ ವಾದ್ಯಕ್ಕೆ, ಎರಡನೆಯದಕ್ಕೆ ಮುಟ್ಟಿದರೆ ಹೆಣ್ಣುಮಕ್ಕಳ ತಂಬೂರಿಗೆ, ಮೂರನೆಯದಕ್ಕೆ ಮುಟ್ಟಿದರೆ ದೊಡ್ಡ ತಂಬೂರಿಗೆ. ಮೂರನೆಯ ಗಂಟಿನ ಕಾಯಿ ನಮ್ಮ ಕಡೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಕಾಕಾ ಷರತ್ತು ಹಾಕಿದ್ದು ನನ್ನ ಎದುರಿಗೇ, ರೊಟ್ಟಿ ಮುರಿಯುತ್ತ.

"ವೈನೀ, ಇದೊಂದು ವರ್ಷ ನೋಡ್ತೀನಿ. ಮೂರನೇ ಗಂಟಿನ ಕಾಯಿ ಒಂದರ ಎಳ್ಳಮಾಸಿಗೆ ಗಾಡಿ ಹತ್ತಿದರ ಪಟ್ಟಿ ನಿಮ್ಮದು. ನೀವು ಇರೂತನಕ ಯಾರೂ ಕೇಳೂದಿಲ್ಲ. ಹತ್ತಲಿಲ್ಲಂದ್ರ ಉಳ್ಳಾಗಡ್ಡಿ ಹಚ್ಚತೀನಿ."

"ಆತ್ರಿ" ಎಂದಳು ಆಕೆ, ಅವನ ತಾಟಿಗೆ ಪಲ್ಯ ಹಾಕುತ್ತ. ಎಳ್ಳು ಅಮಾವಾಸ್ಯೆಗೆ ಇನ್ನೂ ಏಳೆಂಟು ತಿಂಗಳಿತ್ತು.

"ನನಗ ಸಿಟ್ಟಿಲ್ಲರಿ ವೈನಿ. ತಲಾಠಿ ಬಂದು 'ಇದೇನ ಬೆಳಿ' ಅಂತ ಕೇಳತಾನ. ಸರಕಾರ ಜ್ವಾಳಾ ಕೊಡ್ರಿ ಅನ್ನಾಕತ್ತೈತಿ, ನಮ್ಮ ಹೊಲದಾಗ ತಂಬೂರಿ ಬೆಳ್ಯಾಕತ್ತಾವು ಅಂತ ಹೇಳ್ಲೇನು?"

ಅವನು ನಕ್ಕ. ನಾನೂ ನಕ್ಕೆನೇನೋ. ಅವನ ಮಾತಿನಲ್ಲಿ ತಪ್ಪು ಹುಡುಕಲು ಆಗುವುದಿಲ್ಲ, ಅದೇ ನನಗೆ ಇವತ್ತಿಗೂ ಉರಿ. ಹಸಿದ ಕಾಲದಲ್ಲಿ ತಿನ್ನುವುದನ್ನು ಬೆಳೆಯಬೇಕು, ಸರಿ. ಆದರೆ ಅದೇ ಹೊಲದಲ್ಲಿ ಅವನ ತಂಬಾಕಿನ ಮಡಿಯೂ ಇತ್ತು. ಅದನ್ನು ಊರ ಹೊಲಗಳ ಲೆಕ್ಕ ಬರೆಯುವ ತಲಾಠಿ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಬೀಜ ಬೇಕಿತ್ತು. "ನನ್ನ ಬೀಜಾ ವರ್ಷಾ ವರ್ಷಾ ಸಣ್ಣದಾಗಾಕತ್ತೈತಿ. ತಿಕೋಟಾದಾಗ ಮುತ್ಯಾ ಅದಾನ, ಅವನ ಹಂತ್ಯಾಕ ಹೋಗು" ಎಂದಳು ದೊಡ್ಡವ್ವ. "ಬೈತಾನ. ಬೈಸ್ಕೋ. ಕೊಡತಾನ."

ವಿಜಾಪುರದಿಂದ ಅಥಣಿ ರಸ್ತೆಯಲ್ಲಿ ಇದ್ದಿಲ ಗ್ಯಾಸಿನ ಮೋಟಾರು ನಡುನಡುವೆ ನಿಂತು, ಕೆಮ್ಮಿ, ನಮ್ಮನ್ನೆಲ್ಲ ಇಳಿಸಿ ನೂಕಿಸಿಕೊಂಡು ಮಧ್ಯಾಹ್ನಕ್ಕೆ ತಿಕೋಟಾ ಮುಟ್ಟಿಸಿತು. ಮುತ್ಯಾ ಬಿಜ್ಜರಗಿಯ ದಾರಿಯ ಗುಡಿಸಲಲ್ಲಿದ್ದ. ಕುರಿ ಕಾಯುವುದನ್ನು ಮಕ್ಕಳಿಗೆ ಬಿಟ್ಟು ತಾನು ಬುರುಡೆ ಕಾಯುತ್ತಿದ್ದ ಮುದುಕ. ಒಂದು ಕಣ್ಣು ಪೂರ್ತಿ ಮಂಜು. ಸೂರಿನ ಕೆಳಗೆ ಹತ್ತು ಹನ್ನೆರಡು ಒಣ ಬುರುಡೆಗಳು ನೇತಾಡುತ್ತಿದ್ದವು. ಅಂಗಳದಾಚೆ ತಡವಾಗಿ ಬಿಟ್ಟ ಒಂದು ಎಳೆಕಾಯಿ ಇನ್ನೂ ಬಳ್ಳಿಯಲ್ಲಿತ್ತು. "ಅದು ಎಷ್ಟ ದಿನದ್ದು ಮುತ್ಯಾ?" ಎಂದು ನಾನು ಬೆರಳು ಮಾಡಿದೆ. ಕೋಲು ನನ್ನ ಕೈಮೇಲೆ ಬಿತ್ತು. ಮೆಲ್ಲಗಲ್ಲ.

"ಬೆರಳ ಮಡಚಲೇ, ಕುಂಬಳಾ! ತೊಟ್ಟು ಒಣಗದ ಕಾಯಿಗೆ ಬೆರಳ ತೋರಸ್ತಾರೇನು? ಮುಷ್ಟಿ ಮಾಡು. ಮುಷ್ಟಿ ಮಾಡಿ ತೋರಸು."

ನಾನು ಮುಷ್ಟಿ ಮಾಡಿ ತೋರಿಸಿದೆ. ಅವನಿಗೆ ಅದೂ ಒಪ್ಪಿಗೆಯಾಗಲಿಲ್ಲ. "ಗುದ್ದಾವರಂಗ ಅಲ್ಲೋ. ಹೆಬ್ಬೆಟ್ಟ ಒಳಗ ಹಾಕು."

ಆ ಮಧ್ಯಾಹ್ನವೆಲ್ಲ ಅವನು ಒಂದು ಒಣ ಬುರುಡೆಯನ್ನು ನನ್ನ ತೊಡೆಯ ಮೇಲಿಟ್ಟು ಕೂಡಿಸಿದ. ಬೀಜದ ಮಾತೆತ್ತಿದರೆ "ಹಿಡಕೊಂಡು ಕುಂಡರು" ಎನ್ನುವನು. ಕೈ ಜೋಮು ಹಿಡಿದ ಮೇಲೆ ಬಂದು, ಬುರುಡೆಯನ್ನು ಎತ್ತಿ, ನನ್ನ ಕೈಗಳು ಎಲ್ಲಿ ಬೆವರು ಬಿಟ್ಟಿವೆ ಎಂದು ನೋಡಿದ. ಎಡಗಡೆಗಿಂತ ಬಲಗಡೆ ಹೆಚ್ಚು ಒತ್ತಿ ಹಿಡಿದಿದ್ದೆನಂತೆ. "ಈ ಕೈಲೆ ಕಾಯಿ ತಿರುವಿದರ ಸೊಟ್ಟ ಆಗತೈತಿ" ಎಂದ. ಆಮೇಲೆ ಕಲಿಸಿದ. ಬೀಜವನ್ನು ಕಾಯಿಯ ನಡುಭಾಗದಿಂದಲೇ ಆರಿಸಬೇಕು. ನೀರಿಗೆ ಹಾಕಿದಾಗ ತೇಲಿದ್ದನ್ನು ಎಸೆಯಬೇಕು, ಕೂಡಲೇ ಮುಳುಗಿದ್ದನ್ನೂ ನಂಬಬಾರದು, ಸ್ವಲ್ಪ ಹೊತ್ತು ಯೋಚಿಸಿ ಮುಳುಗಿದ್ದನ್ನು ಇಟ್ಟುಕೊಳ್ಳಬೇಕು. ಎಲ್ಲ ಬದಿಗೂ ಬಿಸಿಲು ತಾಗಲೆಂದು ಕಾಯಿಯನ್ನು ಎರಡು ದಿನಕ್ಕೊಮ್ಮೆ ಒಂದು ಬೆರಳ ಅಗಲ ತಿರುಗಿಸಬೇಕು. ಬೆಳಿಗ್ಗೆ ಮಾತ್ರ ಮುಟ್ಟಬಾರದು.

"ಮುಂಜಾನಿ ಬಳ್ಳಿ ನೀರ ಕುಡದು ಸೆಟದಿರತೈತಿ. ತಿರುವಿದರ ತೊಟ್ಟ ಸೀಳತೈತಿ. ಹೊತ್ತ ವಾಲಿದ ಮ್ಯಾಲ ಬಾಡಿರತೈತಿ, ಆವಾಗ ಹೇಳಿದಂಗ ಕೇಳತೈತಿ. ತಿಳೀತಿಲ್ಲೋ?"

"ತಿಳೀತು. ಆದರ ಬೆರಳಿನಿಂದ ಕಾಯಿ ಹೆಂಗ ಕೊಳೀತೈತಿ ಮುತ್ಯಾ? ಬೆರಳಿನಾಗ ಏನೈತಿ?"

"ನನಗೇನ ಗೊತ್ತು? ಬೆರಳ ತೋರಿಸಿದಾಂವ ಆಮ್ಯಾಲ ಮುಟ್ಟತಾನ. ಮುಟ್ಟಿದಾಂವ ಆಮ್ಯಾಲ ತಿರುವತಾನ. ಅದಕ್ಕ ಬೆರಳ ಮೊದಲ ಮಡಸೂದು."

ಈ ಮಾತನ್ನು ಅವನು ನಿಜವಾಗಿ ಹೇಳಿದನೇ? ಇಷ್ಟು ಸರಿಯಾಗಿ ಹೊಂದುವ ಮಾತು ಬಂದರೆ ನನಗೆ ದಿಗಿಲಾಗುತ್ತದೆ. ಮುಂದೆ ಆದದ್ದೆಲ್ಲ ಆದ ಮೇಲೆ ನಾನೇ ಅವನ ಬಾಯಿಗೆ ತುರುಕಿರಬಹುದು. ಬೀಜವನ್ನು ಹಳೆಯ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟು ಅವನು ಹೇಳಿದ್ದು ಮಾತ್ರ ಖಾತ್ರಿ ನೆನಪಿದೆ, ಏಕೆಂದರೆ ಮುಂದೆ ಅದು ನನ್ನನ್ನು ಚುಚ್ಚಿತು: "ಉಳದದ್ದೆಲ್ಲಾ ನಾ ಹೇಳತೀನಿ. ನೀರಿಂದು ನಿಮ್ಮ ದೊಡ್ಡವ್ವನ್ನ ಕೇಳು. ನೀರಿನ ವಿಷಯಕ್ಕ ಆಕಿ ನನಗಿಂತ ದೊಡ್ಡಾಕಿ."

ಮೊದಲ ಮಳೆಗೆ ಮೂರು ಗುಣಿಗಳಲ್ಲಿ ಬೀಜ ಹಾಕಿದೆವು. ನಾನು ವಾರಕ್ಕೆ ಎರಡು ದಿನ ಬಬಲೇಶ್ವರಕ್ಕೆ ಹೋಗಿ ಇರುತ್ತಿದ್ದೆ. ಒಂದು ನೋಟುಬುಕ್ಕು ಇಟ್ಟು ಬಳ್ಳಿಯ ಉದ್ದ, ಎಲೆಯ ಲೆಕ್ಕ ಬರೆಯುತ್ತಿದ್ದೆ. ದೊಡ್ಡವ್ವ ಅದನ್ನು ಓರೆಗಣ್ಣಿನಿಂದ ನೋಡಿ, "ಬರಕೊಂಡರ ಲಗೂ ಬೆಳೀತೈತೇನೋ ತಮ್ಮಾ? ಹಂಗಾರ ನನ್ನ ಸೊಂಟದ್ದೂ ಬರಕೋ, ನೆಟ್ಟಗಾಗಲಿ" ಎನ್ನುವಳು. ಆಕೆಯ ನೀರಿನ ವಿದ್ಯೆ ಬುಕ್ಕಿನಲ್ಲಿ ಬರೆಯಲು ಬರುವಂಥದ್ದಲ್ಲ. ಹಿಮ್ಮಡಿಯನ್ನು ಎರೆಮಣ್ಣಿಗೆ ಊರಿ, ಎತ್ತಿ, ಆ ಕುಳಿ ಎಷ್ಟು ಹೊತ್ತಿಗೆ ಬಿರಿಯುತ್ತದೆ ಎಂದು ನೋಡುವಳು. ಅಷ್ಟೇ. "ಇವತ್ತ ಬ್ಯಾಡ" ಎನ್ನುವಳು, ಇಲ್ಲವೇ "ಎರಡ ಕೊಡ ಹಾಕು". ನಾನು ಮೂರನೆಯದನ್ನು ಎತ್ತಿದರೆ ಕೊಡದ ಕಂಠ ಹಿಡಿದುಬಿಡುವಳು. ಅದೇ ಬಾವಿಯ ನೀರು ಉಂಡು ಕಾಕಾನ ಮೆಣಸಿನ ಗಿಡಗಳು ಬೇರು ಕೊಳೆತು ಸತ್ತವು. ಆಕೆಯ ಬಳ್ಳಿಯ ಒಂದು ಎಲೆಯೂ ಹಳದಿಯಾಗಲಿಲ್ಲ.

ಹೂವು ಸಂಜೆ ಅರಳುತ್ತಿತ್ತು, ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ. ಆ ಮನೆಯಲ್ಲಿ ದೀಪ ಹಚ್ಚಲು ದೊಡ್ಡವ್ವನನ್ನು ಯಾರೂ ಕರೆಯುತ್ತಿರಲಿಲ್ಲ, ಗಂಡ ಸತ್ತವಳೆಂದು. ಹೀಗಾಗಿ ಆ ಹೊತ್ತು ಆಕೆಗೆ ಬಿಡುವು. ಗಂಡುಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ಹೆಣ್ಣುಹೂವಿನ ಬಾಯಿಗೆ ಮೆಲ್ಲಗೆ ಒರೆಸುವಳು. ಮುಖದಲ್ಲಿ ನಾಚಿಕೆಯಿರಲಿಲ್ಲ, ಭಕ್ತಿಯೂ ಇರಲಿಲ್ಲ. ಪಾತ್ರೆ ತಿಕ್ಕುವವರ ಮುಖ. ಮೂರು ಬಳ್ಳಿಗೆ ಒಂದೊಂದೇ ಕಾಯಿ ಉಳಿಸಿ ಮಿಕ್ಕವನ್ನೆಲ್ಲ ಚಿವುಟಿದಳು. ಕಾಯಿ ಮುಷ್ಟಿಗಾತ್ರವಾದಾಗ, ತಲೆಯ ಮೇಲೆ ಕೊಡ ಹೊರಲು ಇಡುವ ಸಿಂಬಿಯಂತೆ ಹುಲ್ಲಿನ ಸಿಂಬಿ ಹೆಣೆದು ಅದರ ಮೇಲೆ ಕೂಡಿಸಿದಳು. ಬೂದಿ ಸುರಿದಳು. ತನ್ನ ಹರಿದ ಸೀರೆಯ ತುಂಡುಗಳನ್ನು ಹೊದಿಸಿ ಸುತ್ತ ಜಾಲಿಮುಳ್ಳು ಇಟ್ಟಳು. ಬೇವಿನ ಗಿಡದ ಕಡೆಯ ಬಳ್ಳಿಯದು ಮೊದಲಿನಿಂದಲೂ ಬೇರೆ. ಹಸ್ತದ ಮಳೆ ಮುಗಿಯುವ ಹೊತ್ತಿಗೆ, ವ್ಯಾಪಾರಿಯ ಅಳತೆಗೇ ದೊಡ್ಡವ್ವ ಗಂಟು ಹಾಕಿಟ್ಟುಕೊಂಡಿದ್ದ ಹುರಿಯಲ್ಲಿ, ಎರಡನೆಯ ಗಂಟು ದಾಟಿತು. ಆ ಸಂಜೆ ಊಟಕ್ಕೆ ಕುಳಿತಾಗ ಕಾಕಾನಿಗೆ, "ಉಳ್ಳಾಗಡ್ಡಿ ಬೀಜಾ ತರಾಕ ಅವಸರ ಮಾಡಬ್ಯಾಡ್ರಿ" ಎಂದಳು. ಆಕೆ ಅವನಿಗೆ ಎದುರುಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ದೀಪಾವಳಿ ಮುಗಿದು ನಾಲ್ಕಾರು ದಿನಕ್ಕೆ ಮಿರಜಿನ ವ್ಯಾಪಾರಿ ಬರುವನೆಂದು ಸುದ್ದಿ ಬಂತು. ಅಥಣಿ ಕಡೆಯಿಂದ ಬಂದು, ತಿಕೋಟಾದಲ್ಲಿ ಮುತ್ಯಾನನ್ನು ಕರೆದುಕೊಂಡು, ಹತ್ತು ಗಂಟೆಯ ಸುಮಾರಿಗೆ ಬಬಲೇಶ್ವರ ಮುಟ್ಟುವರು. ಕಾಕಾ ಬೆಳಿಗ್ಗೆಯೇ ಹೊಸ ರುಮಾಲು ಸುತ್ತಿ ತಯಾರಾದ. ದೊಡ್ಡವ್ವನ ಹತ್ತಿರ ಬಂದು, ದನಿ ಇಳಿಸಿ, ಉಪಕಾರ ಮಾಡುವವನಂತೆ ಹೇಳಿದ: "ವೈನೀ, ದೊಡ್ಡ ವ್ಯವಹಾರ. ಮೊದಲ ನೋಟಕ್ಕ ನೀವು ಎದುರಿಗೆ ಬ್ಯಾಡ್ರಿ. ಬಾವಿ ಕಡೆ ಇರ್ರಿ." ಆಕೆ ಸರಿಯೆಂದು ಸೆರಗು ಎಳೆದುಕೊಂಡು ಬಾವಿಯ ಕಡೆ ನಡೆದಳು. ಬೀಜದಿಂದ ಹಿಡಿದು ಬೆಳೆಸಿದವಳ ಮುಖ ಆ ಕಾಯಿಗೆ ಅಶುಭ. ನಾನು ಅಲ್ಲೇ ಇದ್ದೆ. ನನ್ನ ಬಾಯಿಗೆ ಏನಾಗಿತ್ತೋ.

ಈಗ ನನ್ನ ಪಾಲು. ಇದನ್ನು ಯಾವ ಮದುವೆಯಲ್ಲೂ ಯಾರೂ ಹೇಳುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಿಲ್ಲ.

ಆ ಬೆಳಿಗ್ಗೆ, ಅವರು ಬರುವುದಕ್ಕೆ ಮೊದಲು, ನಾನು ಒಬ್ಬನೇ ಮುಳ್ಳು ಸರಿಸಿ ಬಟ್ಟೆ ತೆಗೆದು ನೋಡಿದೆ. ಕಾಯಿಯ ಒಂದು ಬದಿ ಸ್ವಲ್ಪ ಚಪ್ಪಟೆಯಾಗಿತ್ತು. ದಾರಿಯಿಂದ ಬರುವವರಿಗೆ ಮೊದಲು ಕಾಣುವುದು ಆ ಬದಿಯೇ. ನನ್ನ ಕೈಯಲ್ಲಿ ಬೆಳೆದ ಕಾಯಿ ಸೊಟ್ಟ ಎಂದು ಮುತ್ಯಾ ಎಲ್ಲರೆದುರು ಅಂದುಬಿಟ್ಟರೆ? ಎರಡೂ ಕೈಯಿಂದ ತಬ್ಬಿ, ಸಿಂಬಿಯ ಮೇಲೆಯೇ ತಿರುಗಿಸಿದೆ. ಒಂದು ಬೆರಳ ಅಗಲವಲ್ಲ, ಒಂದು ಗೇಣು. ಇಬ್ಬನಿ ಇನ್ನೂ ಆರಿರಲಿಲ್ಲ, ಬಳ್ಳಿ ಸೆಟೆದು ನಿಂತಿತ್ತು. ನನಗೆ ನಿಯಮ ಗೊತ್ತಿತ್ತು. ನೋಟುಬುಕ್ಕಿನಲ್ಲಿ ಕೆಳಗೆ ಗೆರೆ ಎಳೆದು ಬರೆದಿದ್ದೆ. ಒಂದು ಸಣ್ಣ ಸದ್ದು ಕೇಳಿದಂತಾಯಿತು, ಹಸಿ ಸೌತೆಕಾಯಿ ಮುರಿದ ಹಾಗೆ. ಬಗ್ಗಿ ನೋಡಿದೆ. ತೊಟ್ಟಿನಲ್ಲಿ ಏನೂ ಕಾಣಲಿಲ್ಲ. ಕಾಣಲಿಲ್ಲವೋ, ನೋಡಲಿಲ್ಲವೋ. ಸದ್ದು ಕೂಡ ಆವತ್ತು ಕೇಳಿಸಿದ್ದೋ, ಆಮೇಲಿನ ವರ್ಷಗಳಲ್ಲಿ ನಾನೇ ಸೇರಿಸಿಕೊಂಡದ್ದೋ. ಬಟ್ಟೆ ಹೊದಿಸಿ ಬಂದೆ.

ಅವರು ಬಂದರು. ಕರಿಟೊಪ್ಪಿಗೆಯ ವ್ಯಾಪಾರಿ, ಹೆಗಲಿಗೆ ಹುರಿ. ಹಿಂದೆ ಮುತ್ಯಾ, ಬಿಸಿಲಿಗೆ ಬೈಯುತ್ತ. ಕಾಕಾ ಮುಂದೆ ನಡೆದು ಪಟ್ಟಿಯ ನಡುವಿನ ಬಳ್ಳಿಯ ಹತ್ತಿರ ನಿಂತು, ಜಾದೂ ಮಾಡುವವನಂತೆ ಬಟ್ಟೆ ಎಳೆದ. ಅದು ಮೂರರಲ್ಲಿ ತೀರ ಸಣ್ಣದು.

ವ್ಯಾಪಾರಿ ಹುರಿಯನ್ನು ಹೆಗಲಿನಿಂದ ಇಳಿಸಲೂ ಇಲ್ಲ. "ಸಾವಕಾರ್ರ, ಇದಕ್ಕಾ ನನ್ನ ಇಷ್ಟ ದೂರ ಕರಸೀರಿ? ಇದರಾಗ ಏಕತಾರಿನೂ ಆಗೂದಿಲ್ಲ."

ಮುತ್ಯಾ ಕೋಲೂರಿ ನಕ್ಕ. "ಅಪ್ಪಗ ತನ್ನ ಕೂಸಿನ ಗುರತಽ ಇಲ್ಲ! ಹಡದಾಕಿನ್ನ ಕೇಳ್ರೆಪಾ."

ಕಾಕಾನ ಕಿವಿ ಕೆಂಪಗಾದವು. ಎರಡನೆಯ ಬಟ್ಟೆಗೆ ಕೈ ಹಾಕಲು ಹೊರಟ. ಅದೂ ತಪ್ಪು. ಆಗ ಬಾವಿಯ ಕಟ್ಟೆಯಿಂದ ಕೂಗು ಬಂತು:

"ಅದಲ್ಲರೀ! ಆಚೀದು! ಬೇವಿನ ಗಿಡದ ಕಡೀದು!"

ಎಲ್ಲರೂ ತಿರುಗಿದೆವು. ಕೈ ಎತ್ತಿ ನಿಂತಿದ್ದಳು.

ಮುಂದಿನದು ಬೇಗ ಮುಗಿಯಿತು. ಹುರಿ ಸುತ್ತಿದರು. ಮೂರನೆಯ ಗಂಟು ದಾಟಿ ನಾಲ್ಕು ಬೆರಳು. ವ್ಯಾಪಾರಿ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, "ಇಂಥಾದ್ದು ನಮ್ಮ ಅಪ್ಪನ ಕಾಲದಾಗ ನೋಡಿದ್ದೆ. ತೊಟ್ಟ ಒಣಗಲಿ, ಎಳ್ಳಮಾಸಿಗೆ ಗಾಡಿ ತರತೀನಿ" ಎಂದ. ಮುತ್ಯಾ ಕುಕ್ಕರಗಾಲಲ್ಲಿ ಕುಳಿತು ತೊಟ್ಟನ್ನು ಬಹಳ ಹೊತ್ತು ನೋಡಿದ. ಮಂಜು ಕಣ್ಣಿಗೆ ಏನು ಕಂಡಿತೋ. ಏಳುವಾಗ ಆಸರೆಗೆ ನನ್ನ ಕೈ ಹಿಡಿದ. ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹಿಡಿದನೆಂದು ನನಗೆ ಅನ್ನಿಸಿತು.

ಅಳತೆ ಆದ ಕಾಯಿಯನ್ನು ಒಂಬತ್ತು ದಿನ ಮುಚ್ಚಿಡುವುದು ಬುರುಡೆ ಬೆಳೆಯುವವರ ಪದ್ಧತಿ. ಅಷ್ಟು ಜನರ ಕಣ್ಣು ಬಿದ್ದಿರುತ್ತದೆ, ಅದು ಇಳಿಯಲಿ ಎಂದು. ಬಟ್ಟೆ ತೆಗೆಯುವಂತಿಲ್ಲ, ಯಾರೂ ನೋಡುವಂತಿಲ್ಲ. ಮರುದಿನವೇ ನೋಡಿದ್ದರೆ ಸೀಳಿಗೆ ಸುಣ್ಣ ಹಚ್ಚಬಹುದಿತ್ತು, ಬೂದಿ ಮೆತ್ತಬಹುದಿತ್ತು, ಏನಾದರೂ ಮಾಡಬಹುದಿತ್ತು. ಕಣ್ಣಿಗೆ ಹೆದರಿ ಕಾಯಿಯನ್ನು ಕಣ್ಣಿನಿಂದಲೇ ದೂರ ಇಟ್ಟರು ಎಂದು ನಾನು ಬಹಳ ವರ್ಷ ಹಲ್ಲು ಕಡಿದಿದ್ದೇನೆ. ಸುಳ್ಳು ಸಿಟ್ಟು ಅದು. ಅವರಾದರೂ ನಂಬಿದ್ದರು. ನಾನು ನಂಬಿರಲಿಲ್ಲ, ಆ ಒಂಬತ್ತು ದಿನ ಊರಲ್ಲೇ ಇದ್ದೆ, ದಿನಾ ಅದರ ಪಕ್ಕದಲ್ಲೇ ಹಾದುಹೋದೆ. ತೆರೆಯಲಿಲ್ಲ. ಸದ್ದು ಕೇಳಿದ್ದೆನೋ ಇಲ್ಲವೋ ಎಂಬುದಕ್ಕೆ ಉತ್ತರ ಆ ಬಟ್ಟೆಯ ಕೆಳಗಿತ್ತು.

ಒಂಬತ್ತನೆಯ ದಿನ ಬಟ್ಟೆ ತೆಗೆಯುವ ಮೊದಲೇ ವಾಸನೆ ಬಂತು. ತೊಟ್ಟಿನ ಸುತ್ತ ಕಪ್ಪು ಹಿಡಿದು ಹೆಗಲತನಕ ಇಳಿದಿತ್ತು. ದೊಡ್ಡವ್ವ ಹೆಬ್ಬೆಟ್ಟು ಇಟ್ಟಳು, ಒಳಗೆ ಹೋಯಿತು. ಆಕೆ ಹೆಬ್ಬೆಟ್ಟನ್ನು ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು.

ಕಾಕಾ ನಿಂತಲ್ಲೇ ನಿರ್ಣಯ ಮಾಡಿದ. "ನಾ ಏನ ಹೇಳಿದ್ದೆ ವೈನಿ? ಬಾವಿ ಕಡೆ ಸುಮ್ಮ ಇರ್ರಿ ಅಂದಿದ್ದೆ. ಅಷ್ಟ ಮಂದಿ ಎದುರಿಗೆ ಬೆರಳ ತೋರಸೀರಿ. ನಾ ನೋಡೀನಿ. ಮಿರಜಿನಾಂವ ನೋಡ್ಯಾನ."

ಅವನು ತಪ್ಪು ಬಳ್ಳಿಗೆ ಹೋಗಿ ನಿಂತದ್ದರಿಂದಲೇ ಆಕೆ ಕೂಗಬೇಕಾಯಿತು. ತನ್ನ ಹೊಲದ ಕಾಯಿ ಯಾವುದೆಂದು ಗೊತ್ತಿಲ್ಲದವನು ತೀರ್ಪು ಕೊಡುತ್ತಿದ್ದಾನೆ. ಇದನ್ನು ಹೇಳಬಹುದಿತ್ತು. 'ಬೆಳಿಗ್ಗೆ ನಾನು ತಿರುಗಿಸಿದೆ, ತೊಟ್ಟು ಸೀಳಿರಬೇಕು' ಎಂದಾದರೂ ಹೇಳಬಹುದಿತ್ತು. ಐದೇ ಶಬ್ದ. ಹುಡುಗನ ತಪ್ಪೆಂದು ಕಾಕಾ ನಾಲ್ಕು ಬೈದು, ಆಕೆಗೆ ಇನ್ನೊಂದು ವರ್ಷ ಬಿಡುತ್ತಿದ್ದ. ಬಿಡುತ್ತಿದ್ದ ಎಂದೇ ನನ್ನ ಅಂದಾಜು.

ನಾನು ಮಾಡಿದ್ದೇನು? ಭಾಷಣ. ಬೆರಳಿನಿಂದ ಕಾಯಿ ಕೊಳೆಯುವುದಿಲ್ಲ, ಇದೆಲ್ಲ ಮೂಢನಂಬಿಕೆ, ಕೊಳೆಯುವುದು ಕಣ್ಣಿಗೆ ಕಾಣದ ಜಂತುಗಳಿಂದ, ಪುಸ್ತಕದಲ್ಲಿ ಹೀಗಿದೆ, ಜಗತ್ತು ಎಲ್ಲಿಗೆ ಹೋಗಿದೆ, ನಾವು ಎಲ್ಲಿದ್ದೇವೆ. ಕೈ ಬೀಸಿ ಬೀಸಿ ಹೇಳಿದೆ. ಆಕೆಯ ಪರವಾಗಿ ಮಾತಾಡುತ್ತಿದ್ದೇನೆಂದೇ ನಂಬಿದ್ದೆ, ಎದೆ ಉಬ್ಬಿತ್ತು.

ಕಾಕಾ ಪೂರ್ತಿ ಕೇಳಿ, ಮುಗುಳ್ನಕ್ಕು, "ಆತಪಾ, ಸಾಲಿ ಕಲತಾಂವ ನೀನು. ಹಂಗಾರ ನೀನಽ ಹೇಳು. ಹೆಂಗ ಕೊಳೀತು?" ಎಂದ.

ನೇರವಾದ ಪ್ರಶ್ನೆ. ದೊಡ್ಡವ್ವ ಬಗ್ಗಿ ಕುಳಿತಿದ್ದಳು. ಕೊಳೆತ ತೊಟ್ಟು ಆಕೆಯ ಎರಡು ಬೆರಳುಗಳ ನಡುವೆ ಇತ್ತು, ಅದನ್ನು ಮೆಲ್ಲಗೆ ಹೊರಳಿಸುತ್ತಿದ್ದಳು.

"ನೀರ ಹೆಚ್ಚಾಗಿರಬೇಕು" ಎಂದೆ.

ಹೌದು, ಹಾಗೆಂದೆ. ಮಿಕ್ಕ ಯಾವುದರ ಬಗ್ಗೆ ಅನುಮಾನವಿದ್ದರೂ ಇದರ ಬಗ್ಗೆ ಇಲ್ಲ. ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಕಾಕಾನ ಕಡೆ ತಿರುಗಿ, ಬಹಳ ಸ್ಪಷ್ಟವಾಗಿ ಹೇಳಿದಳು:

"ನೀರ ಹೆಚ್ಚಾಗಿಲ್ಲರಿ. ನಾನಽ ಬೆರಳ ತೋರಿಸೀನಿ."

ಅಷ್ಟೇ. ತೊಟ್ಟನ್ನು ಕಿತ್ತು ಮುಳ್ಳಿನಾಚೆ ಎಸೆದಳು. ಸಿಂಬಿಯನ್ನು ಎತ್ತಿ ಬೂದಿ ಕೊಡವಿದಳು, ಅದು ಇನ್ನೂ ಗಟ್ಟಿಯಿತ್ತು. ಎಳ್ಳಮಾಸಿಗೆ ಮಿರಜಿನ ಗಾಡಿ ಬರಲಿಲ್ಲ; ಬರಬೇಡವೆಂದು ಕಾಕಾ ಹೇಳಿಕಳಿಸಿದ್ದ. ಆ ಹಬ್ಬದ ಮರುದಿನವೇ ಪಟ್ಟಿಗೆ ನೇಗಿಲು ಬಿತ್ತು. ಉಳ್ಳಾಗಡ್ಡಿ ಚೆನ್ನಾಗಿ ಬಂತಂತೆ. ಅದಕ್ಕೆ ನೀರು ಹಾಯಿಸುವ ಕೆಲಸವನ್ನು ದೊಡ್ಡವ್ವನಿಗೇ ಹೇಳಿದರು, ಆಕೆಯ ಕೈ ಒಳ್ಳೆಯದೆಂದು. ಎಷ್ಟು ಆರಾಮಾಗಿ ಹೇಳುತ್ತಾರೆ ಇದನ್ನು ಮದುವೆಗಳಲ್ಲಿ! 'ಕೈ ಒಳ್ಳೇದು, ಬೆರಳ ಕೆಟ್ಟದ್ದು' ಎಂದು ಮತ್ತೊಂದು ನಗು.

ಗುರುಗಳ ತಂಬೂರಿಗೆ ಅಂಟು ಹಾಕಿಸಿದರು. ನಾನು ಹಾಡು ಬಿಟ್ಟೆ. ಇದಕ್ಕೂ ಅದಕ್ಕೂ ಸಂಬಂಧ ಕಟ್ಟಲು ಮನಸ್ಸು ಹಾತೊರೆಯುತ್ತದೆ, ಆದರೆ ನಿಜ ಹೇಳಬೇಕೆಂದರೆ ನನ್ನ ದನಿ ಅಷ್ಟಕ್ಕಷ್ಟೇ ಇತ್ತು. ಮುತ್ಯಾ ಮರುವರ್ಷ ಬೀಜ ಕಳಿಸಿದ್ದನಂತೆ, ಕೇಳದೆಯೇ. ಅವು ಏನಾದವೋ ತಿಳಿಯದು.

ದೊಡ್ಡವ್ವ ಇನ್ನೂ ಬಹಳ ವರ್ಷ ಬದುಕಿದಳು. ನಾನು ಹೋದಾಗಲೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿದಳು, ತಲೆ ಸವರಿದಳು, ನನ್ನ ಸೊಂಟವೂ ಬಾಗಿತೆಂದು ಚೇಷ್ಟೆ ಮಾಡಿದಳು. ಇಬ್ಬರೇ ಕುಳಿತ ಮಧ್ಯಾಹ್ನಗಳು ಎಷ್ಟೋ ಇದ್ದವು. ನಾನು ಕೇಳಲಿಲ್ಲ. ಒಮ್ಮೆ ಬಾಯಿಯತನಕ ಬಂದಿತ್ತು, ಆಕೆ "ಮಜ್ಜಗಿ ಹಾಕಲ್ಯಾ?" ಎಂದಳು, ನಾನು ಹಾಕು ಎಂದೆ.

ಆ ತೊಟ್ಟನ್ನು ಬೆರಳುಗಳ ನಡುವೆ ಹೊರಳಿಸುವಾಗ ಆಕೆಗೆ ಸೀಳು ಸಿಕ್ಕಿತ್ತೇ? ಅದು ನನ್ನ ಕೈಯ ಕೆಲಸವೆಂದು ತಿಳಿದು ನನ್ನನ್ನು ಉಳಿಸಿದಳೇ? ಇಲ್ಲಾ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನೀರು ತಪ್ಪಿದವಳು ಎನ್ನಿಸಿಕೊಳ್ಳುವುದಕ್ಕಿಂತ ಬೆರಳು ತೋರಿಸಿದವಳು ಎನ್ನಿಸಿಕೊಳ್ಳುವುದೇ ಲೇಸೆಂದುಕೊಂಡಳೇ? ಅಥವಾ ನಿಜವಾಗಿಯೂ ಬೆರಳನ್ನೇ ತೋರಿಸಿದ್ದಳೇ, ಅಷ್ಟು ಸರಳವೇ? ಬಾವಿಯ ಕಟ್ಟೆಯ ಮೇಲಿನ ಆ ಕೈಯನ್ನು ಇನ್ನೊಮ್ಮೆ ನೋಡಲು ಪ್ರಯತ್ನಿಸಿದೆ, ಇದನ್ನು ಬರೆಯುವ ಮೊದಲೂ, ಬರೆಯುವಾಗಲೂ. ನನಗೆ ಗೊತ್ತಿಲ್ಲ.